14 ತಿಂಗಳ ಕಾರಿಗೆ 1.86 ಲಕ್ಷ ರೂಪಾಯಿ ಬಿಲ್: ವಾರಂಟಿ ನಿರಾಕರಿಸಿದಾಗ ಏನು ಮಾಡಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಪದ್ಮನಾಭನಗರದ ನಿವಾಸಿ. 14 ತಿಂಗಳ ಹಿಂದೆ ಸುಮಾರು 17 ಲಕ್ಷ ರೂಪಾಯಿಗೆ ಹೊಸ ಡೀಸೆಲ್ ಎಸ್‌ಯುವಿ ಕೊಂಡೆ. ಅರ್ಧಕ್ಕಿಂತ ಹೆಚ್ಚು ಹಣ ಬ್ಯಾಂಕ್ ಸಾಲ. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಗಾಡಿ ಇದುವರೆಗೆ ಓಡಿರುವುದು 8,200 ಕಿ.ಮೀ. ಮಾತ್ರ. ದಿನವೂ ಬಿಟಿಎಂ ಲೇಔಟ್‌ನ ಕಚೇರಿಗೆ ಹೋಗಿಬರುತ್ತೇನೆ. ಒಂದು ಕಡೆಗೆ 8 ಕಿ.ಮೀ., ಅದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ವರ್ಷದ ಸರ್ವಿಸನ್ನು 47 ದಿನ ತಡವಾಗಿ, ಅಧಿಕೃತ ವರ್ಕ್‌ಶಾಪ್‌ನಲ್ಲಿಯೇ ಮಾಡಿಸಿದೆ. ಅದಾಗಿ ಹತ್ತು ದಿನಕ್ಕೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪವೊಂದು ಹತ್ತಿತು. ಕೆಲವೊಮ್ಮೆ ತಾನಾಗಿಯೇ ಆರುತ್ತಿದ್ದುದರಿಂದ ಆರು ದಿನ ಹಾಗೆಯೇ ಓಡಿಸಿದೆ. ಏಳನೆಯ ದಿನ ಬನಶಂಕರಿ ಬಳಿ ಪಿಕಪ್ ಸಂಪೂರ್ಣ ಹೋಯಿತು, ಟೋ ಮಾಡಿಸಬೇಕಾಯಿತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಕಟ್ಟಿಕೊಂಡಿದೆ, ಟರ್ಬೋ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಶಾಫ್ಟ್ ಆಡುತ್ತಿದೆ ಎಂದು ಹೇಳಿ ಡಿಪಿಎಫ್‌ಗೆ 98,000, ಟರ್ಬೋಗೆ 61,000, ಉಳಿದ ಸಾಮಾನು ಮತ್ತು ಲೇಬರ್‌ಗೆ 27,400, ಒಟ್ಟು 1,86,400 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಸರ್ವಿಸ್ ತಡವಾಗಿದೆ, ಹೊರಗಡೆ ಸ್ಟೀರಿಯೋ ಹಾಕಿಸಿದ್ದೀರಿ, ನಿಮ್ಮ ಓಡಿಸುವ ರೀತಿ ಸರಿಯಿಲ್ಲ, ಆದ್ದರಿಂದ ವಾರಂಟಿ ಬರುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಪೂರ್ತಿ ಬಿಚ್ಚಿ ನೋಡಲು ನನ್ನ ಸಹಿ ಕೇಳುತ್ತಿದ್ದಾರೆ. ಕೆಳಗೆ ಕಲ್ಲು ಬಡಿದಿದೆ ಎಂದು ಇನ್ಶೂರೆನ್ಸ್ ಕ್ಲೇಮ್ ಮಾಡಿಸಬಹುದು ಎಂದು ಸರ್ವಿಸ್ ಅಡ್ವೈಸರ್ ಸೂಚಿಸಿದರು. ಪರಿಚಯದ ಮೆಕ್ಯಾನಿಕ್ ಒಬ್ಬರು 30,000 ರೂಪಾಯಿಗೆ ಡಿಪಿಎಫ್ ತೆಗೆದುಹಾಕಿ ಕೊಡುವೆ ಎನ್ನುತ್ತಾರೆ. ತಪ್ಪು ನನ್ನದೇ? ಬೇರೆ ಕಾರನ್ನೇ ಕೇಳಲು ಬರುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಲ್ಲಿನ ಮೊತ್ತಕ್ಕಿಂತಲೂ ಹೆಚ್ಚಾಗಿ ನಿಮ್ಮನ್ನು ಕೊರೆಯುತ್ತಿರುವುದು ‘ತಪ್ಪು ನನ್ನದೇ ಇರಬಹುದೇ’ ಎಂಬ ಅನುಮಾನ ಎಂದು ನನಗನಿಸಿತು. ನಾನು ಒಂಬತ್ತು ವರ್ಷ ಅಧಿಕೃತ ವರ್ಕ್‌ಶಾಪ್ ಒಂದರ ವಾರಂಟಿ ವಿಭಾಗದಲ್ಲಿ ಕೆಲಸ ಮಾಡಿ, ಆ ಬಳಿಕ ಸ್ವತಂತ್ರವಾಗಿ ವಾಹನ ತಪಾಸಣೆ ಮಾಡಿ ವರದಿ ಕೊಡುತ್ತಾ ಬಂದವನು. ಮೇಜಿನ ಎರಡೂ ಬದಿಗಳಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಈ ಅನುಮಾನವೇ ಗ್ರಾಹಕರ ಬಾಯಿ ಕಟ್ಟುತ್ತದೆ. ಆರು ದಿನ ದೀಪ ಹತ್ತಿದ್ದಾಗಲೂ ಓಡಿಸಿದೆನಲ್ಲ ಎಂಬ ಅಳುಕಿನಲ್ಲಿ ಅವರು ಕೇಳಬೇಕಾದ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ತಪ್ಪು ಯಾರದೆಂದು ಈ ಹೊತ್ತಿನಲ್ಲಿ ನಿಮಗೂ ಗೊತ್ತಿಲ್ಲ, ವರ್ಕ್‌ಶಾಪ್‌ನವರಿಗೂ ಗೊತ್ತಿಲ್ಲ. ಅದನ್ನು ಗೊತ್ತುಮಾಡಿಕೊಳ್ಳುವ ಪುರಾವೆ ಮಾತ್ರ ಗಾಡಿಯೊಳಗೆ ಇನ್ನೂ ಹಾಗೆಯೇ ಇದೆ. ಆದ್ದರಿಂದ ಮಿಕ್ಕ ಮಾತಿಗೆ ಮೊದಲು ಇದನ್ನು ಹೇಳುತ್ತೇನೆ: ಬಿಚ್ಚುವ ಒಪ್ಪಿಗೆಗೆ ಇವತ್ತು ಸಹಿ ಹಾಕಬೇಡಿ. ಯಾವ ಷರತ್ತಿನ ಮೇಲೆ ಹಾಕಬೇಕು ಎಂಬುದನ್ನು ಮುಂದೆ ವಿವರಿಸುತ್ತೇನೆ.

ವಾರಂಟಿ ಎಂದರೆ ಇಷ್ಟು ವರ್ಷ ಏನೇ ಕೆಟ್ಟರೂ ಸರಿಮಾಡಿ ಕೊಡುತ್ತೇವೆ ಎಂಬ ಮಾತು ಎಂದು ಬಹಳ ಮಂದಿ ಭಾವಿಸಿದ್ದಾರೆ. ಅದು ಹಾಗಲ್ಲ. ತಯಾರಿಕೆಯ ಅಥವಾ ಬಳಸಿದ ವಸ್ತುವಿನ ದೋಷದಿಂದ ಒಂದು ಭಾಗ ಕೆಟ್ಟರೆ ಆ ಭಾಗವನ್ನು ರಿಪೇರಿ ಮಾಡುತ್ತೇವೆ ಅಥವಾ ಬದಲಿಸುತ್ತೇವೆ ಎಂಬುದಷ್ಟೇ ವಾರಂಟಿ ಪುಸ್ತಕದ ಮಾತು. ಅಂದರೆ ಗಾಡಿ ಎಷ್ಟು ಹೊಸದು ಎಂಬುದರ ಜೊತೆಗೆ, ಏಕೆ ಕೆಟ್ಟಿತು ಎಂಬುದರ ಮೇಲೆಯೂ ಎಲ್ಲವೂ ನಿಂತಿದೆ. ಇದು ನಿಮಗೆ ಪ್ರತಿಕೂಲವೆಂದು ತೋರಬಹುದು, ಆದರೆ ಇದೇ ನಿಮ್ಮ ಬಲವೂ ಹೌದು. ಏಕೆಂದರೆ ‘ವಾರಂಟಿ ಬರುವುದಿಲ್ಲ’ ಎನ್ನುವವರು ಕೂಡ ಏಕೆ ಕೆಟ್ಟಿತು ಎಂಬುದನ್ನು ಹೇಳಬೇಕಾಗುತ್ತದೆ.

ನಿಮ್ಮ ಗಾಡಿಯ ವಿಷಯದಲ್ಲಿ ಆ ‘ಏಕೆ’ ಸ್ವಲ್ಪ ಜಟಿಲವಾಗಿದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಜಾರಿಗೆ ಬಂದಾಗ ಡೀಸೆಲ್ ಕಾರು ಹೊರಬಿಡಬಹುದಾದ ಮಸಿಯ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು. ಇದನ್ನು ಸಾಧಿಸಲು ಎಕ್ಸಾಸ್ಟ್ ದಾರಿಯಲ್ಲಿ, ಅಂದರೆ ಹೊಗೆ ಹೊರಹೋಗುವ ಕೊಳವೆಯಲ್ಲಿ, ಕೂರಿಸಿರುವ ಮಸಿ ಹಿಡಿಯುವ ಜರಡಿಯೇ ಡಿಪಿಎಫ್. ಜೇನುಗೂಡಿನಂತಹ ಸಣ್ಣ ರಂಧ್ರಗಳ ಸೆರಾಮಿಕ್ ಗಟ್ಟಿ ಅದು. ಅದರಲ್ಲಿ ಮಸಿ ತುಂಬುತ್ತಾ ಹೋಗುತ್ತದೆ; ಒಂದು ಮಟ್ಟ ಮುಟ್ಟಿದಾಗ ಇಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಹೆಚ್ಚು ಡೀಸೆಲನ್ನು ಸಿಂಪಡಿಸಿ ಜರಡಿಯ ಒಳಗಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಹತ್ತಿಪ್ಪತ್ತು ನಿಮಿಷದಲ್ಲಿ ನಿಮಗೆ ಅರಿವಾಗದಂತೆಯೇ ಕೆಲಸ ಮುಗಿಯುತ್ತದೆ.

ಪದ್ಮನಾಭನಗರದಿಂದ ಬನಶಂಕರಿ, ಜಯದೇವ ದಾಟಿ ಬಿಟಿಎಂ ಸೇರುವ ದಾರಿಯಲ್ಲಿ ಆ ಹತ್ತಿಪ್ಪತ್ತು ನಿಮಿಷ ಸಿಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತು, ಹತ್ತು ಮೀಟರ್ ಸರಿದು, ಮತ್ತೆ ನಿಲ್ಲುವ ಓಟದಲ್ಲಿ ಎಕ್ಸಾಸ್ಟ್ ಸಾಕಷ್ಟು ಬಿಸಿಯಾಗುವುದಿಲ್ಲ. ಸುಡುವ ಕೆಲಸ ಶುರುವಾಗಿ ಅರ್ಧಕ್ಕೆ ಬರುವಷ್ಟರಲ್ಲಿ ಕಚೇರಿ ಬಂದು ನೀವು ಗಾಡಿ ಆಫ್ ಮಾಡಿರುತ್ತೀರಿ. ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್‌ನ ಒಂದಿಷ್ಟು ಭಾಗ ಸಿಲಿಂಡರ್ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವ ಟರ್ಬೋ ಶಾಫ್ಟ್ ತೇಲುವುದು ಇದೇ ಆಯಿಲ್‌ನ ಪದರದ ಮೇಲೆ. ಆ ಪದರ ತೆಳುವಾದರೆ ಬೇರಿಂಗ್ ಸವೆಯುತ್ತದೆ, ಶಾಫ್ಟ್ ಆಡಲು ಶುರುವಾಗುತ್ತದೆ. ವರ್ಕ್‌ಶಾಪ್‌ನವರು ‘ಓಡಿಸುವ ರೀತಿ’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಸರಪಳಿ. ಅದು ಕಟ್ಟುಕಥೆಯಲ್ಲ, ನಮ್ಮ ಊರಿನಲ್ಲಿ ನಾನು ಅನೇಕ ಸಲ ನೋಡಿದ್ದೇನೆ.

ಆದರೆ ಇದೇ ಸರಪಳಿ ತಿರುಗುಮುರುಗಾಗಿಯೂ ನಡೆಯುತ್ತದೆ, ಅದನ್ನು ಮಾತ್ರ ಯಾರೂ ನಿಮಗೆ ಹೇಳಿಲ್ಲ. ಟರ್ಬೋದ ಸೀಲ್ ಮೊದಲು ಸೋತರೆ ಆಯಿಲ್ ಎಕ್ಸಾಸ್ಟ್‌ಗೆ ಸೋರಿ, ಉರಿದು, ಅದರ ಮಸಿಬೂದಿಯೆಲ್ಲ ಡಿಪಿಎಫ್‌ಗೆ ಬಂದು ಕೂರುತ್ತದೆ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಒಂದು ಸೋರುತ್ತಿದ್ದರೆ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿ ಬಿಡುವ ಇಜಿಆರ್ ವಾಲ್ವ್ ಅಂಟಿಕೊಂಡಿದ್ದರೆ ಮಸಿಯೇ ಅಳತೆ ಮೀರಿ ಹುಟ್ಟುತ್ತದೆ. ಡಿಪಿಎಫ್‌ನ ಎರಡು ತುದಿಗಳ ಒತ್ತಡ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ ಕಂಪ್ಯೂಟರ್ ಸುಡಬೇಕಾದ ಹೊತ್ತಿನಲ್ಲಿ ಸುಡುವುದಿಲ್ಲ. ವಿಜಯನಗರದ ಒಬ್ಬರ ಗಾಡಿಯಲ್ಲಿ ದೋಷ ದಾಖಲಾದ ಕ್ಷಣದ ಮಾಹಿತಿಯನ್ನು ಸ್ಕ್ಯಾನರ್‌ನಲ್ಲಿ ತೆಗೆಸಿ ನೋಡಿದಾಗ, ನಲವತ್ತು ನಿಮಿಷ ಓಡಿದ ಮೇಲೂ ಕೂಲೆಂಟ್ ಶಾಖ 62 ಡಿಗ್ರಿಯಲ್ಲೇ ಇತ್ತು. ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದ್ದರಿಂದ ಇಂಜಿನ್ ಬೇಕಾದಷ್ಟು ಕಾಯುತ್ತಲೇ ಇರಲಿಲ್ಲ, ಕಾಯದ ಇಂಜಿನ್ನಿಗೆ ರೀಜನರೇಷನ್ ಶುರುಮಾಡಲು ಕಂಪ್ಯೂಟರ್ ಅನುಮತಿ ಕೊಡುತ್ತಲೂ ಇರಲಿಲ್ಲ. ಕೆಲವೇ ಸಾವಿರ ರೂಪಾಯಿಯ ಆ ಭಾಗದ ದೋಷಕ್ಕೆ ಅವರ ಓಡಿಸುವ ರೀತಿಯನ್ನು ದೂರಿದ್ದರು. ಆ ಒಂದು ಹಾಳೆ ಮುಂದಿಟ್ಟ ಮೇಲೆ ಕ್ಲೇಮ್ ಮಂಜೂರಾಯಿತು.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ‘ವಾರಂಟಿ ಏಕೆ ಕೊಡುವುದಿಲ್ಲ’ ಎಂಬುದಲ್ಲ. ಮೊದಲು ಸೋತದ್ದು ಟರ್ಬೋವೋ ಡಿಪಿಎಫ್ಫೋ, ಅದನ್ನು ಯಾವ ಪರೀಕ್ಷೆಯಿಂದ ತಿಳಿದಿರಿ ಎಂಬುದು ನಿಮ್ಮ ಪ್ರಶ್ನೆಯಾಗಬೇಕು. ಇದಕ್ಕೆ ಉತ್ತರ ಇಂಜಿನ್ ಕಂಪ್ಯೂಟರ್‌ನಲ್ಲಿದೆ: ಎಷ್ಟು ಸಲ ರೀಜನರೇಷನ್ ಪೂರ್ತಿಯಾಗಿದೆ, ಕೊನೆಯ ಸಲ ಪೂರ್ತಿಯಾದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಮಸಿ ಎಷ್ಟು ಗ್ರಾಂ ಇದೆ ಎಂದು ಲೆಕ್ಕ ಹಾಕಿದೆ, ಮೊದಲ ದೋಷ ಸಂಕೇತ ಯಾವ ಕಿಲೋಮೀಟರಿನಲ್ಲಿ ಬಂತು, ಆಗ ಇಂಜಿನ್ ಶಾಖ ಎಷ್ಟಿತ್ತು, ಇವೆಲ್ಲವನ್ನೂ ಕಂಪನಿಯ ಸ್ಕ್ಯಾನರ್ ಓದಬಲ್ಲದು. ದೋಷ ಸಂಕೇತಗಳನ್ನು ಅಳಿಸುವ ಮೊದಲು, ಯಾವುದೇ ಸಾಫ್ಟ್‌ವೇರ್ ಅಪ್‌ಡೇಟ್ ಹಾಕುವ ಮೊದಲು, ಈ ವರದಿಯನ್ನು ಪ್ರಿಂಟ್ ಮಾಡಿಸಿಕೊಳ್ಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಪರದೆಯ ಚಿತ್ರವನ್ನಾದರೂ ಅವರ ಎದುರಿಗೇ ತೆಗೆದುಕೊಳ್ಳಿ. ಜೊತೆಗೆ ಡಿಪ್‌ಸ್ಟಿಕ್‌ನ ಚಿತ್ರ, ಓಡೋಮೀಟರ್‌ನ ಚಿತ್ರ, ಮತ್ತು ಶುದ್ಧವಾದ ಬಾಟಲಿಯಲ್ಲಿ ಇನ್ನೂರು ಮಿಲಿಲೀಟರ್‌ನಷ್ಟು ಇಂಜಿನ್ ಆಯಿಲ್ ಬೇಕು. ಆ ಬಾಟಲಿಗೆ ಚೀಟಿ ಅಂಟಿಸಿ ನೀವೂ ಅವರೂ ಸಹಿ ಹಾಕಿ ಮುಚ್ಚಿಡಿ. ಸರ್ವಿಸ್‌ನಲ್ಲಿ ಹಾಕಿ ಹದಿನಾರು ದಿನವಷ್ಟೇ ಆಗಿರುವ ಆಯಿಲ್‌ನಲ್ಲಿಯೇ ಡೀಸೆಲ್ ಹೆಚ್ಚಾಗಿ ಬೆರೆತಿದ್ದರೆ ಅರ್ಧಕ್ಕೆ ನಿಂತ ರೀಜನರೇಷನ್ ಅಥವಾ ಸೋರುವ ಇಂಜೆಕ್ಟರ್ ಕಡೆಗೆ ಬೆರಳು ಹೋಗುತ್ತದೆ. ಆಯಿಲ್ ಶುದ್ಧವಾಗಿದ್ದು ಮಟ್ಟ ಮಾತ್ರ ತೀರಾ ಇಳಿದಿದ್ದರೆ ಟರ್ಬೋ ಸೀಲ್ ಮೇಲೆ ಅನುಮಾನ ಬಲವಾಗುತ್ತದೆ.

ಹದಿನಾರು ದಿನ ಎಂಬುದನ್ನು ಬೇಕೆಂದೇ ಒತ್ತಿ ಹೇಳಿದೆ. ಅವರು ಹೇಳಿದ ಮೊದಲ ಕಾರಣ, ಸರ್ವಿಸ್ 47 ದಿನ ತಡವಾಯಿತು ಎಂಬುದು, ಇಲ್ಲಿ ಬಹಳ ದುರ್ಬಲವಾಗುತ್ತದೆ. ಸರ್ವಿಸ್ ತಪ್ಪಿಸುವುದು ಒಳ್ಳೆಯದಲ್ಲ. ಒಂದು ವರ್ಷ ಬರೀ ಟ್ರಾಫಿಕ್‌ನಲ್ಲಿ ಓಡಿದ ಆಯಿಲ್ ಕಿಲೋಮೀಟರ್ ಕಡಿಮೆಯಿದ್ದರೂ ಹಳತೇ. ಆದರೂ ತಡವಾದದ್ದಕ್ಕೂ ಟರ್ಬೋ ಸೋತದ್ದಕ್ಕೂ ಇರುವ ಸಂಬಂಧವನ್ನು ಅವರು ತೋರಿಸಬೇಕು. ಅದೇ ಜಾಲದ ವರ್ಕ್‌ಶಾಪ್ ಆ ದಿನ ಗಾಡಿಯನ್ನು ಒಳಗೆ ತೆಗೆದುಕೊಂಡು, ಹಣ ಪಡೆದು, ‘ತಡವಾಗಿದ್ದರಿಂದ ವಾರಂಟಿಗೆ ತೊಂದರೆಯಿದೆ’ ಎಂದು ಎಲ್ಲಿಯೂ ಬರೆಯದೆ, ಎಲ್ಲವೂ ಸರಿಯಿದೆ ಎಂದು ಗೇಟ್ ಪಾಸ್ ಕೊಟ್ಟಿದೆ. ಆ ದಿನ ಸ್ಕ್ಯಾನರ್ ಹಾಕಿದ್ದರೆ ಮಸಿಯ ಪ್ರಮಾಣ ಆಗಲೇ ಕಾಣುತ್ತಿತ್ತು. ಆ ಸರ್ವಿಸ್ ಬಿಲ್ಲನ್ನು ಹುಡುಕಿ ತೆಗೆಯಿರಿ, ಅದರಲ್ಲಿ ಯಾವ ದರ್ಜೆಯ ಆಯಿಲ್ ಹಾಕಿದ್ದಾರೆ ಎಂದು ನೋಡಿ, ನಿಮ್ಮ ಮಾಲೀಕರ ಕೈಪಿಡಿಯಲ್ಲಿ ಬರೆದಿರುವ ದರ್ಜೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಡಿಪಿಎಫ್ ಇರುವ ಇಂಜಿನ್ನಿಗೆ ಬೂದಿ ಕಡಿಮೆ ಬಿಡುವ ವಿಶೇಷ ಆಯಿಲ್ ಬೇಕು; ಬೇರೆ ದರ್ಜೆಯ ಆಯಿಲ್ ಬಿದ್ದಿದ್ದರೆ, ಅಥವಾ ಅಳತೆಗಿಂತ ಹೆಚ್ಚು ಸುರಿದಿದ್ದರೆ, ಹೊಣೆ ಯಾರ ಕಡೆ ಹೊರಳುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಟೀರಿಯೋ ಮಾತು ಇನ್ನೂ ಸಡಿಲ. ವೈರ್ ಕತ್ತರಿಸಿ ಜೋಡಿಸಿದ್ದರೆ ಸ್ಪೀಕರ್, ಬ್ಯಾಟರಿ, ವೈರಿಂಗ್‌ಗೆ ಸಂಬಂಧಿಸಿದ ವಾರಂಟಿಯಲ್ಲಿ ತಕರಾರು ಬರುವುದು ಸಹಜ. ಆದರೆ ಹಾಡು ಕೇಳುವ ಪೆಟ್ಟಿಗೆಗೂ ಆಯಿಲ್‌ನಲ್ಲಿ ತೇಲುವ ಬೇರಿಂಗ್‌ಗೂ ನಂಟಿಲ್ಲ. ಹೊರಗೆ ಏನಾದರೂ ಮಾಡಿಸಿದರೆ ಇಡೀ ವಾರಂಟಿ ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಸರ್ವಿಸ್ ಅಡ್ವೈಸರ್‌ಗಳೂ ಅದನ್ನು ನಂಬಿಯೇ ಹೇಳುತ್ತಾರೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ಕೆಲಸದಿಂದ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತ್ತು. ಆ ಆದೇಶ ಮೇಲ್ಮನವಿಗಳಿಗೆ ಹೋಯಿತು, ಆದ್ದರಿಂದ ಅದನ್ನು ಕೌಂಟರಿನಲ್ಲಿ ಬ್ರಹ್ಮಾಸ್ತ್ರದಂತೆ ಬೀಸಬೇಡಿ. ಆದರೆ ಅದರಲ್ಲಿರುವ ತರ್ಕವನ್ನು, ಅಂದರೆ ಕೆಟ್ಟ ಭಾಗಕ್ಕೂ ಹೊರಗಿನ ಕೆಲಸಕ್ಕೂ ಇರುವ ಸಂಬಂಧ ತೋರಿಸಿ ಎಂಬ ಮಾತನ್ನು, ಪತ್ರದಲ್ಲಿ ಬಳಸಿ.

ಮೂರನೆಯ ಕಾರಣದಲ್ಲಿ ಮಾತ್ರ ನಿಮ್ಮ ಪಕ್ಷಕ್ಕೆ ಬಿರುಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳದಿ ದೀಪ ಹತ್ತಿದಾಗ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಇಂತಿಷ್ಟು ವೇಗದಲ್ಲಿ ಇಂತಿಷ್ಟು ನಿಮಿಷ ನಿಲ್ಲಿಸದೆ ಓಡಿಸಿ ಎಂದಿರುತ್ತದೆ. ಆರು ದಿನ ಅದನ್ನು ಮಾಡದೇ ಇದ್ದುದರಿಂದ ಡಿಪಿಎಫ್ ಇನ್ನಷ್ಟು ಕಟ್ಟಿಕೊಂಡಿರುವ ಸಾಧ್ಯತೆ ನಿಜ. ಅದೇ ಹೊತ್ತಿಗೆ, ದಿನಕ್ಕೆ 16 ಕಿ.ಮೀ. ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಈ ಗಾಡಿ ಮಾರುವಾಗ ಡಿಪಿಎಫ್ ಬಗ್ಗೆ ಶೋರೂಮಿನಲ್ಲಿ ಒಂದು ಮಾತಾದರೂ ಹೇಳಿದ್ದರೇ, ಡೆಲಿವರಿ ದಿನ ಆ ದೀಪದ ಅರ್ಥ ವಿವರಿಸಿದ್ದರೇ ಎಂಬುದನ್ನು ನೆನಪು ಮಾಡಿಕೊಂಡು ಬರೆದಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವಾ ನ್ಯೂನತೆ’ಯ ಅರ್ಥದೊಳಗೆ, ಗ್ರಾಹಕರಿಗೆ ಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇರಿದೆ. ಉದ್ದೇಶಪೂರ್ವಕ ಎಂಬುದನ್ನು ಸಾಬೀತು ಮಾಡುವುದು ಸುಲಭವಲ್ಲ, ಆದರೂ ಈ ವಾದಕ್ಕೆ ತೂಕವಿದೆ. ಡಿಪಿಎಫ್‌ನ ಹೊಣೆ ಭಾಗಶಃ ನಿಮ್ಮ ಮೇಲೆ ಬಂದರೂ ಟರ್ಬೋದ ಹೊಣೆ ತಾನಾಗಿಯೇ ಬರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಎಸ್ಟಿಮೇಟಿನಲ್ಲಿ ಒಂದೇ ಕಾರಣ ಹೇಳಿ ನಿರಾಕರಿಸಲು ಬಿಡಬೇಡಿ. ಡಿಪಿಎಫ್ ಬದಲಿಸಲೇಬೇಕೇ ಎಂಬುದೂ ಪ್ರಶ್ನೆಯೇ. ಸ್ಕ್ಯಾನರ್ ಮೂಲಕ ಬಲವಂತದ ರೀಜನರೇಷನ್ ಮಾಡಿಸಿ ನೋಡಿದ್ದಾರೆಯೇ, ಕಳಚಿ ತೊಳೆಯಲು ಬರುವುದಿಲ್ಲವೇ ಎಂದು ಕೇಳಿ. ಮಸಿಯಿಂದ ಮಾತ್ರ ಕಟ್ಟಿಕೊಂಡು, ಒಳಗಿನ ಸೆರಾಮಿಕ್ ಕರಗದೆ ಬಿರಿಯದೆ ಇದ್ದರೆ, 98,000 ರೂಪಾಯಿಯ ಸಾಲು ಬಹಳಷ್ಟು ಕಿರಿದಾಗಬಹುದು. ಟರ್ಬೋ ನಿಜವಾಗಿ ಸೋತಿದ್ದರೆ ಅದನ್ನು ಸರಿಪಡಿಸದೆ ಬಲವಂತದ ರೀಜನರೇಷನ್ ಮಾಡಬಾರದು ಎಂಬ ಎಚ್ಚರಿಕೆಯೂ ಇರಲಿ. ಸೋರಿದ ಆಯಿಲ್ ಅಷ್ಟು ಶಾಖದಲ್ಲಿ ಉರಿದರೆ ಹಾನಿ ಹೆಚ್ಚುತ್ತದೆ.

ವರ್ಕ್‌ಶಾಪ್‌ನವರು ಏಕೆ ಹೀಗೆ ಬಾಯಿಮಾತಿನಲ್ಲೇ ಮುಗಿಸಲು ನೋಡುತ್ತಾರೆ ಎಂಬುದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಡೀಲರ್ ಬೇರೆ, ಕಾರು ಕಂಪನಿ ಬೇರೆ. ವಾರಂಟಿ ಕೆಲಸ ಮಾಡಿದ ಡೀಲರ್ ಕಂಪನಿಗೆ ಕ್ಲೇಮ್ ಹಾಕಿ ಹಣ ಪಡೆಯಬೇಕು. ಕಂಪನಿ ಕೊಡುವ ಲೇಬರ್ ದರ ಸಾಮಾನ್ಯವಾಗಿ ನೀವು ಕೊಡುವ ದರಕ್ಕಿಂತ ಕಡಿಮೆ. ದಾಖಲೆ ಸರಿಯಿಲ್ಲವೆಂದು ಕಂಪನಿಯ ಆಡಿಟ್‌ನಲ್ಲಿ ತೇಲಿದರೆ ಕೊಟ್ಟ ಹಣವನ್ನೂ ವಾಪಸ್ ಹಿಡಿಯುತ್ತಾರೆ. ಹೀಗಾಗಿ ಸ್ವಲ್ಪ ಅನುಮಾನವಿರುವ ಕ್ಲೇಮನ್ನು ಕಂಪನಿಗೆ ಕಳಿಸುವುದಕ್ಕಿಂತ ಗ್ರಾಹಕರಿಗೇ ಇಲ್ಲವೆಂದು ಹೇಳುವುದು ಡೀಲರ್‌ಗೆ ಸುರಕ್ಷಿತ. ನಾನು ಆ ಮೇಜಿನಲ್ಲಿದ್ದಾಗ ಈ ಒತ್ತಡವನ್ನು ಪ್ರತಿ ತಿಂಗಳೂ ಅನುಭವಿಸಿದ್ದೇನೆ. ಆದ್ದರಿಂದ ನಿಮ್ಮ ಮೊದಲ ಇಮೇಲ್‌ನಲ್ಲಿ ಕೇಳಬೇಕಾದದ್ದು ಇದು: ನನ್ನ ಗಾಡಿಯ ವಾರಂಟಿ ಕ್ಲೇಮನ್ನು ಕಂಪನಿಗೆ ಕಳಿಸಿದ್ದೀರಾ, ಕಳಿಸಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಏನು, ನಿರಾಕರಿಸಿದವರು ಡೀಲರೋ ಕಂಪನಿಯೋ, ವಾರಂಟಿ ಪುಸ್ತಕದ ಯಾವ ಷರತ್ತಿನ ಅಡಿಯಲ್ಲಿ. ಇಮೇಲ್ ಡೀಲರ್‌ಗೆ ಹೋಗಲಿ, ಪ್ರತಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಹೋಗಲಿ. ಅನೇಕ ಪ್ರಕರಣಗಳಲ್ಲಿ ಕ್ಲೇಮ್ ಹೋಗಿಯೇ ಇರುವುದಿಲ್ಲ, ಈ ಪ್ರಶ್ನೆ ಬಂದ ಮೇಲೆ ಹೋಗುತ್ತದೆ. ಚಾಸಿ ಸಂಖ್ಯೆ ಕೊಟ್ಟು, ಈ ಮಾದರಿಗೆ ಡಿಪಿಎಫ್ ಸಂಬಂಧ ಯಾವುದಾದರೂ ಸಾಫ್ಟ್‌ವೇರ್ ಅಪ್‌ಡೇಟ್ ಅಥವಾ ರೀಕಾಲ್ ಬಾಕಿಯಿದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ.

ಗಾಡಿಯನ್ನು ಒಳಗೆ ತೆಗೆದುಕೊಳ್ಳುವಾಗ ವರ್ಕ್‌ಶಾಪ್‌ನವರು ಬರೆಯುವ ಜಾಬ್ ಕಾರ್ಡ್‌ನಲ್ಲಿ ‘ಗ್ರಾಹಕರ ದೂರು’ ಎಂಬ ಜಾಗದಲ್ಲಿ ಏನು ಬರೆದಿದ್ದಾರೆಂದು ನೋಡಿ. ಅಲ್ಲಿ ನಿಮಗೆ ಕಂಡ ಲಕ್ಷಣ ಮಾತ್ರ ಇರಬೇಕು: ಪಿಕಪ್ ಇಲ್ಲ, ದೀಪ ಹತ್ತಿದೆ, ಹೊಗೆ ಇತ್ತು ಅಥವಾ ಇರಲಿಲ್ಲ. ಕಾರಣ ಹುಡುಕುವುದು ಅವರ ಕೆಲಸವಾಗಿರುವಾಗ, ‘ಡಿಪಿಎಫ್ ಬ್ಲಾಕ್’ ಎಂದು ನಿಮ್ಮ ಬಾಯಲ್ಲೇ ಹೇಳಿಸಿದಂತೆ ಬರೆದಿದ್ದರೆ ತಿದ್ದಿಸಿ. ಬಿಚ್ಚುವ ಒಪ್ಪಿಗೆ ಕೊಡುವಾಗ ಅದರ ಕೆಳಗೆ ನಿಮ್ಮ ಕೈಬರಹದಲ್ಲಿ ಮೂರ್ನಾಲ್ಕು ಸಾಲು ಸೇರಿಸಿ: ಬಿಚ್ಚುವ ದಿನ ಮತ್ತು ಹೊತ್ತು ಮುಂಚೆ ತಿಳಿಸಬೇಕು, ನಾನು ಅಥವಾ ನನ್ನ ತಂತ್ರಜ್ಞರು ಹಾಜರಿರುತ್ತೇವೆ, ಪ್ರತಿ ಹಂತದ ಚಿತ್ರ ತೆಗೆಯಬೇಕು, ತೆಗೆದ ಭಾಗಗಳನ್ನು ತೊಳೆಯದೆ ಕಾಯ್ದಿಡಬೇಕು, ಬಿಚ್ಚುವ ಖರ್ಚಿಗೆ ನನ್ನ ಒಪ್ಪಿಗೆ ಕಾರಣ ತೀರ್ಮಾನವಾದ ಮೇಲೆ. ಕಡೆಯ ಸಾಲಿಗೆ ಅವರು ಒಪ್ಪದಿರಬಹುದು; ಮೊದಲಿನವುಗಳಿಗೆ ಒಪ್ಪದಿರಲು ಕಾರಣವಿಲ್ಲ. ಮಲ್ಲೇಶ್ವರದ ಶಿಕ್ಷಕಿಯೊಬ್ಬರು ಇದೇ ರೀತಿಯ ಟರ್ಬೋ ಬಿಲ್ ಕಟ್ಟಿ, ಮೂರು ವಾರದ ಬಳಿಕ ನನ್ನಲ್ಲಿಗೆ ಬಂದರು. ಹಳೆಯ ಟರ್ಬೋ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಅವರ ಮಾತಿನಲ್ಲಿ ಸತ್ಯವಿತ್ತೆಂದು ನನಗೆ ಅನಿಸಿದರೂ ಬರೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ; ಆ ಅಸಹಾಯಕತೆ ಇಂದಿಗೂ ಮನಸ್ಸಿನಲ್ಲಿದೆ. ವಾರಂಟಿಯಲ್ಲಿ ಬದಲಿಸಿದ ಹಳೆಯ ಭಾಗ ಕಂಪನಿಗೆ ಸೇರುತ್ತದೆ, ನೀವು ಹಣ ಕೊಟ್ಟು ಬದಲಿಸಿದ ಹಳೆಯ ಭಾಗ ನಿಮ್ಮದು. ಕೇಳಿ ಪಡೆಯಿರಿ.

ನಿಮಗೆ ಸೂಚಿಸಿರುವ ಎರಡು ಅಡ್ಡದಾರಿಗಳನ್ನು ಕೂಡಲೇ ಮನಸ್ಸಿನಿಂದ ತೆಗೆದುಹಾಕಿ. ಬಡಿಯದ ಕಲ್ಲನ್ನು ಬಡಿದಿದೆ ಎಂದು ಬರೆದು ಇನ್ಶೂರೆನ್ಸ್ ಹಣ ಪಡೆಯುವುದು ವಂಚನೆ. ಕ್ಲೇಮ್ ಫಾರ್ಮಿನಲ್ಲಿ ಸಹಿ ಇರುವುದು ನಿಮ್ಮದು, ಅಡ್ವೈಸರ್‌ನದಲ್ಲ. ಸರ್ವೇಯರ್ ಗಾಡಿಯ ತಳ ನೋಡಿದಾಗ ಹೊಸ ಏಟಿನ ಗುರುತಿಲ್ಲದಿದ್ದರೆ ಕ್ಲೇಮ್ ಬೀಳುತ್ತದೆ, ಮೇಲಾಗಿ ‘ಕಲ್ಲು ಬಡಿದು ಕೆಟ್ಟಿತು’ ಎಂದು ನೀವೇ ಬರೆದುಕೊಟ್ಟ ಕಾಗದ ನಾಳೆ ನಿಮ್ಮ ವಾರಂಟಿ ದೂರಿನ ವಿರುದ್ಧವೇ ಸಾಕ್ಷಿಯಾಗುತ್ತದೆ. ಡಿಪಿಎಫ್ ತೆಗೆದುಹಾಕಿ ಸಾಫ್ಟ್‌ವೇರ್ ತಿದ್ದಿಸುವುದು ಇನ್ನೊಂದು. ಅನುಮತಿಯಿಲ್ಲದೆ ವಾಹನದ ಭಾಗಗಳನ್ನು ಮಾರ್ಪಡಿಸಿದ ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಇವೆ. ಉಳಿದಿರುವ ಇಂಜಿನ್ ವಾರಂಟಿಯನ್ನು ಆ 30,000 ರೂಪಾಯಿಗೆ ನೀವೇ ಮಾರಿಕೊಂಡಂತಾಗುತ್ತದೆ. ಅದಲ್ಲದೆ ಆ ಮಸಿಯನ್ನು ಉಸಿರಾಡುವವರು ಬನಶಂಕರಿ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ನಿಂತಿರುವ ನಮ್ಮವರೇ.

ಈಗ ನಿಮ್ಮ ಮುಂದಿರುವ ದಾರಿಗಳು. ಲಿಖಿತ ಪತ್ರದ ಬಳಿಕ ಕಂಪನಿಯ ಪ್ರಾದೇಶಿಕ ಸರ್ವಿಸ್ ಅಧಿಕಾರಿ ಗಾಡಿ ನೋಡಲಿ ಎಂದು ಪಟ್ಟುಹಿಡಿಯುವುದು ನನ್ನ ಮೊದಲ ಸಲಹೆ. ಹೊಸ ಗಾಡಿ, ಕಡಿಮೆ ಕಿಲೋಮೀಟರ್, ಅಧಿಕೃತ ಸರ್ವಿಸ್ ಇರುವ ಪ್ರಕರಣಗಳಲ್ಲಿ ಕಂಪನಿಗಳು ಹೊಣೆ ಒಪ್ಪದೆಯೇ ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ಭಾಗಗಳ ಬೆಲೆಯಲ್ಲಿ ಒಂದು ಪಾಲನ್ನು ಹೊರುವುದುಂಟು. ಟರ್ಬೋ ಪೂರ್ತಿ ಅವರದು, ಡಿಪಿಎಫ್ ತೊಳೆಯುವ ಖರ್ಚು ನಿಮ್ಮದು ಎಂಬಂತಹ ಒಪ್ಪಂದ ಬಂದರೆ, ನಿಮ್ಮ ಆರು ದಿನಗಳನ್ನು ಲೆಕ್ಕಕ್ಕೆ ಹಿಡಿದರೆ, ಅದು ನ್ಯಾಯವೆಂದೇ ನಾನು ಹೇಳುತ್ತೇನೆ. ಆದರೆ ಅಂಥ ರಾಜಿಯ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳಿದ್ದರೆ, ಅದೇ ತೊಂದರೆ ಮತ್ತೆ ಬಂದಾಗ ನಿಮ್ಮ ದಾರಿ ಮುಚ್ಚಬಹುದು. ಹಾಕುವ ಹೊಸ ಭಾಗಗಳಿಗೆ ಎಷ್ಟು ಕಾಲದ ವಾರಂಟಿ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ಈ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಿದರೆ ಅದು ಕಂಪನಿಯ ಮೇಲಿನ ಹಂತಕ್ಕೆ ಮುಟ್ಟುತ್ತದೆ, ಖರ್ಚಿಲ್ಲ. ಅದು ತೀರ್ಪು ಕೊಡುವ ಸಂಸ್ಥೆಯಲ್ಲ ಎಂಬುದು ಮಾತ್ರ ನೆನಪಿರಲಿ.

ಕಚೇರಿಗೆ ಗಾಡಿ ಬೇಕೇಬೇಕು, ಕಾಯಲು ಆಗುವುದಿಲ್ಲ ಎಂದಾದರೆ ಆಕ್ಷೇಪಣೆಯೊಂದಿಗೆ ಹಣ ಕೊಟ್ಟು ರಿಪೇರಿ ಮಾಡಿಸಿಕೊಂಡು ಆಮೇಲೆ ದೂರು ಕೊಡಬಹುದು. ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ‘ವಾರಂಟಿ ಹಕ್ಕನ್ನು ಬಿಟ್ಟುಕೊಡದೆ, ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ’ ಎಂದು ಬರೆಯಿರಿ. ಈ ದಾರಿಯಲ್ಲಿರುವ ಅಪಾಯವೆಂದರೆ ರಿಪೇರಿಯೊಂದಿಗೆ ಪುರಾವೆಯೂ ಅಳಿಸಿಹೋಗುವುದು. ಹಳೆಯ ಭಾಗಗಳು, ಸ್ಕ್ಯಾನರ್ ವರದಿ, ಆಯಿಲ್ ಬಾಟಲಿ, ಮತ್ತು ರಿಪೇರಿಗೆ ಮುಂಚೆ ಸ್ವತಂತ್ರ ಇಂಜಿನಿಯರ್ ಒಬ್ಬರು ನೋಡಿ ಬರೆದ ವರದಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಜೆ.ಸಿ. ರಸ್ತೆಯಲ್ಲಿ ಭಾಗ ಕೊಂಡು ಹೊರಗೆ ಮಾಡಿಸಿದರೆ ಅರ್ಧ ಖರ್ಚಿನಲ್ಲಿ ಆಗಬಹುದು ಎಂದು ಹೇಳುವವರಿದ್ದಾರೆ. ವಾರಂಟಿ ಇನ್ನೂ ಎರಡು ವರ್ಷದ ಹತ್ತಿರ ಇರುವಾಗ ಇಂಜಿನ್ನಿಗೆ ಸೇರಿದ ಕೆಲಸದಲ್ಲಿ ಆ ಉಳಿತಾಯ ದುಬಾರಿಯಾಗುತ್ತದೆ.

ಗಾಡಿಯನ್ನು ಹಾಗೆಯೇ ನಿಲ್ಲಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಪುರಾವೆಯ ದೃಷ್ಟಿಯಿಂದ ಒಳ್ಳೆಯದು, ಬದುಕಿನ ದೃಷ್ಟಿಯಿಂದ ಕಷ್ಟ. ಕೊಂಡ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು, ನಮ್ಮ ನಗರದಲ್ಲಿ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿಯೂ ಇಂಥ ಆಯೋಗಗಳು ಕೆಲಸ ಮಾಡುತ್ತಿವೆ. 10ರಿಂದ 20 ಲಕ್ಷದವರೆಗಿನ ಬೆಲೆಗೆ ಶುಲ್ಕ 400 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಿರುವುದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ನಾನು ಸಾಕ್ಷಿ ನುಡಿದ ಪ್ರಕರಣಗಳಲ್ಲಿ ವರ್ಷ ದಾಟದೆ ಮುಗಿದದ್ದು ಅಪರೂಪ. ಅಷ್ಟು ದಿನ ಸಾಲದ ಕಂತು ನಿಲ್ಲಿಸುವಂತಿಲ್ಲ, ನಿಂತ ಗಾಡಿಯ ಬ್ಯಾಟರಿ ಮತ್ತು ಟಯರ್ ಕೆಡುತ್ತವೆ, ಜಾಬ್ ಕಾರ್ಡ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ದಿನಕ್ಕಿಷ್ಟು ಪಾರ್ಕಿಂಗ್ ಶುಲ್ಕ ಎಂದು ಬರೆದಿದ್ದರೆ ಅದೂ ಬೆಳೆಯುತ್ತದೆ. ವಕೀಲರು ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯದಡಿ ದೂರು ಕೊಡೋಣ ಎಂದರೆ ಎರಡು ಸಲ ಕೇಳಿ. ಆ ಅಧ್ಯಾಯದಲ್ಲಿ ‘ಹಾನಿ’ ಎಂದರೆ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ. ನಿಮ್ಮದು ವಸ್ತುವಿನ ದೋಷ ಮತ್ತು ಸೇವಾ ನ್ಯೂನತೆಯ ದೂರು.

ಬೇರೆ ಕಾರೇ ಬೇಕು ಎಂಬ ಬೇಡಿಕೆಯ ಬಗ್ಗೆ ಆಸೆ ಹುಟ್ಟಿಸಲಾರೆ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಲಚ್‌ನಲ್ಲಿ ದೋಷವಿದ್ದರೆ ಆ ಭಾಗ ಸರಿಪಡಿಸುವುದು ವಾರಂಟಿಯ ಹೊಣೆ, ಅದಕ್ಕಾಗಿ ಇಡೀ ಕಾರು ಬದಲಿಸಿ ಎನ್ನಲಾಗದು ಎಂದಿತು. 2022ರಲ್ಲಿ ಹ್ಯುಂಡೈ ಪ್ರಕರಣದಲ್ಲಿ ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯದಿದ್ದಾಗ ಕಾರು ಬದಲಿಸಬೇಕೆಂಬ ಆದೇಶವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ನಿಮ್ಮ ಗಾಡಿಯ ತೊಂದರೆ ಮೊದಲನೆಯದಕ್ಕೆ ಹತ್ತಿರ. ಒಂದೇ ದೋಷ ಮತ್ತೆ ಮತ್ತೆ ಬಂದು, ಪ್ರತಿ ಸಲದ ಜಾಬ್ ಕಾರ್ಡ್ ನಿಮ್ಮಲ್ಲಿದ್ದರೆ ಮಾತು ಬೇರೆಯಾಗುತ್ತದೆ.

ಒಂದು ವರ್ಷ ಹಳೆಯ ಇಂಥ ಡೀಸೆಲ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಇದನ್ನು ಓದುತ್ತಿರಬಹುದು. ಅವರು ಕಿಲೋಮೀಟರ್ ಕಡಿಮೆಯಿದೆ ಎಂದು ಹಿಗ್ಗುವ ಮೊದಲು ಅದು ಎಂಥ ದಾರಿಯಲ್ಲಿ ಓಡಿದ ಕಿಲೋಮೀಟರ್ ಎಂದು ವಿಚಾರಿಸಲಿ, ಡಿಪಿಎಫ್ ಮಸಿಯ ಪ್ರಮಾಣವನ್ನು ಸ್ಕ್ಯಾನರ್‌ನಲ್ಲಿ ಓದಿಸಲಿ, ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಅದನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲಿ.

ಗಾಡಿ ಸರಿಯಾಗಿ ಕೈಗೆ ಬಂದ ಮೇಲೂ ನಿಮ್ಮ ಕಚೇರಿ ದಾರಿ ಬದಲಾಗುವುದಿಲ್ಲ. ವಾರಕ್ಕೊಮ್ಮೆ ಬೆಳಗಿನ ಹೊತ್ತು ನೈಸ್ ರಸ್ತೆಯಲ್ಲಿ ಅಥವಾ ಮೈಸೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ನಿಂತಿರುವಾಗ ಐಡಲ್ ಸ್ವಲ್ಪ ಏರಿದ್ದರೆ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ವಾಸನೆಯಂತೆ ಬಂದರೆ ರೀಜನರೇಷನ್ ನಡೆಯುತ್ತಿರಬಹುದು. ಮನೆ ಬಂತೆಂದು ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿಬನ್ನಿ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ, ಮಟ್ಟ ಏರಿದ್ದರೆ ಸರ್ವಿಸ್ ದಿನಕ್ಕೆ ಕಾಯಬೇಡಿ. ಇದೆಲ್ಲ ನಿಮ್ಮ ದಿನಚರಿಗೆ ಹೊಂದುವುದಿಲ್ಲ ಎನಿಸಿದರೆ, ರಿಪೇರಿಯಾಗಿ ವಾರಂಟಿ ಉಳಿದಿರುವಾಗಲೇ ಡೀಸೆಲ್ ಬಿಟ್ಟು ಪೆಟ್ರೋಲ್ ಗಾಡಿಗೆ ಬದಲಾಯಿಸಿಕೊಳ್ಳುವ ಲೆಕ್ಕವನ್ನೂ ಹಾಕಿ ನೋಡಿ; ದಿನಕ್ಕೆ 16 ಕಿ.ಮೀ. ಓಡಿಸುವವರಿಗೆ ಡೀಸೆಲ್‌ನಿಂದ ಆಗುವ ಉಳಿತಾಯ ಆ ಎಸ್ಟಿಮೇಟಿನ ಒಂದೇ ಸಾಲಿಗೂ ಸಾಲುವುದಿಲ್ಲ. ಸ್ಕ್ಯಾನರ್ ವರದಿ ಮತ್ತು ಆ ಸರ್ವಿಸ್ ಬಿಲ್ ಸಿಕ್ಕ ಕೂಡಲೇ ಎರಡರ ಪ್ರತಿಯನ್ನೂ ನನಗೆ ಕಳಿಸಿ, ಬಿಚ್ಚುವ ದಿನಕ್ಕೆ ಮುಂಚೆ ನೋಡಿ ಹೇಳುತ್ತೇನೆ.